ತಂತಿ ಬ್ರಷ್ಷು

ಕೊಳಾರದ ನಮ್ಮ ಕೆಮಿಕಲ್ ಕಾರ್ಖಾನೆಯಲ್ಲಿ ಬಿಸಿ ಆಸಿಡ್ ತಣಿಸುವ, ಟೈಟೇನಿಯಂ ಕೊಳವೆಗಳ ಕೂಲರ್ ಒಂದಿದೆ. ಅದರ ಉಸ್ತುವಾರಿ ನನ್ನದು. ಇದಕ್ಕೆ ಜನ್ಮದಲ್ಲಿ ತುಕ್ಕು ಹಿಡಿಯುವುದಿಲ್ಲ ಎಂದು ಬಂದವರೆದುರು ಜಂಬ ಕೊಚ್ಚುತ್ತಿದ್ದವನೂ ನಾನೇ.

ಆ ಕೊಳವೆ ಉಜ್ಜಲು ಕಬ್ಬಿಣವಿಲ್ಲದ ಬೇರೆಯೇ ಬ್ರಷ್ ಇಡಬೇಕು. ಕಳೆದ ವರ್ಷದ ದುರಸ್ತಿಯಲ್ಲಿ ಅದು ಕೈಗೆ ಸಿಗಲಿಲ್ಲ, ಹುಡುಕುವ ತಾಳ್ಮೆ ನನಗಿರಲಿಲ್ಲ. ಬಾಯ್ಲರ್ ಉಜ್ಜುವ ಕಬ್ಬಿಣದ ತಂತಿ ಬ್ರಷ್ಷಿನಿಂದ ನಾನೇ ಗಸಗಸ ಉಜ್ಜಿದೆ. ಫಳಫಳ ಹೊಳೆಯಿತು. ಆಮೇಲೆ ಭಾಲ್ಕಿಯ ತಿಮೋಥಿ ತುದಿಗಳಿಗೆ ವೆಲ್ಡಿಂಗ್ ಮಾಡಿದ.

ಎಂಟು ತಿಂಗಳಿಗೆ ಕೊಳವೆ ಬಿರಿದು, ಬಿಸಿ ಆಸಿಡ್ ಚಿಮ್ಮಿ ಆಪರೇಟರ್ ಒವೈಸನ ಮುಂಗೈ ಸುಟ್ಟಿತು. ಮ್ಯಾನೇಜರ್ ಕೇಳಿದ ಕೂಡಲೇ ‘ವೆಲ್ಡಿಂಗ್ ದೋಷ’ ಎಂದು ಬರೆದುಕೊಟ್ಟೆ. ತಿಮೋಥಿಯನ್ನು ಅಂದೇ ಕೆಲಸದಿಂದ ತೆಗೆದರು. ಅವನು ಎದುರಾಡಲಿಲ್ಲ. ಅದನ್ನೇ ಒಪ್ಪಿಗೆ ಎಂದುಕೊಂಡೆ, ನನಗೂ ಅದೇ ಬೇಕಿತ್ತು.

ನಿನ್ನೆ ಲ್ಯಾಬಿನ ವರದಿ ಬಂತು. ವೆಲ್ಡಿಂಗ್ ಗಟ್ಟಿಯಾಗಿದೆ. ಬಿರುಕು ಹುಟ್ಟಿದ್ದು ಅದರಿಂದ ನಾಲ್ಕು ಬೆರಳು ಆಚೆ, ಬ್ರಷ್ಷಿನ ಕಬ್ಬಿಣ ಮೆತ್ತಿದ್ದ ಗೀರುಗಳಲ್ಲಿ. ಅಲ್ಲಿಂದ ಆಸಿಡ್‌ನ ಹೈಡ್ರೋಜನ್ ಒಳಹೊಕ್ಕು ಲೋಹ ಹಪ್ಪಳದಂತೆ ಪೆಡಸಾಗಿದೆ. ನೋಡಿದ್ದರೆ ಆ ನಾಲ್ಕು ಬೆರಳು ನನಗೆ ಅಂದೇ ಕಾಣುತ್ತಿತ್ತು. ನಾನು ನೋಡಲಿಲ್ಲ. ಓದುತ್ತ ಓದುತ್ತ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮ್ಯಾನೇಜರ್‌ಗೆ ಎಲ್ಲ ಹೇಳಿ, ತಿಮೋಥಿಯನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳಲು ಒಪ್ಪಿಸಿ, ಭಾಲ್ಕಿ ಬಸ್ಸು ಹತ್ತಿ ಅವನ ಮನೆಗೆ ಹೋದೆ.

“ತಪ್ಪು ನಂದು. ನಾಳಿಂದ ಕೆಲಸಕ್ಕ ಬಾ,” ಅಂದೆ.

ತಿಮೋಥಿ ವರದಿಯನ್ನು ಎರಡು ಸಲ ಓದಿದ. “ನನ್ನ ಕೈಯಿಂದ ಆಗಿಲ್ಲೇನ್ರಿ?”

“ಇಲ್ಲ.”

ಅವನ ಹೆಂಡತಿ ಪರ್ಲ ಚಹಾ ಇಟ್ಟು ಅಲ್ಲೇ ನಿಂತಳು. “ಇವ್ರು ಚರ್ಚಿನಾಗ ಎದ್ದು ನಿಂತು ಹೇಳ್ಯಾರ್ರಿ. ನನ್ನ ಕೆಟ್ಟ ಕೆಲಸದಿಂದ ಒಬ್ಬ ಮನಷ್ಯಾನ ಕೈ ಸುಟ್ಟದ, ನನ್ನ ಕ್ಷಮಾ ಸಲುವಾಗಿ ಪ್ರಾರ್ಥನಾ ಮಾಡ್ರಿ ಅಂತ. ನಮ್ಮ ಮಗಳು ಮುಂದಿನ ಸಾಲಿನಾಗೇ ಕುಂತಿದ್ಳು.”

ಮ್ಯಾನೇಜರ್‌ಗೆ ಹೇಳುವಾಗ ನಾನು ಬಾಗಿಲು ಹಾಕಿಕೊಂಡಿದ್ದೆ.

ನೆಲ ನೋಡುತ್ತ ಕೇಳಿದೆ, “ಐತವಾರ ಪ್ರಾರ್ಥನಾ ಎಷ್ಟಕ್ಕ?”

“ಒಂಬತ್ತಕ್ಕರಿ,” ಅಂದ ತಿಮೋಥಿ. “ಆದ್ರ ನೀವು ಬರೂದು ಬ್ಯಾಡ್ರಿ, ಅಶ್ವಜಿತ ಸಾಹೇಬ್ರ. ನಂಗ ಹೇಳಿದ್ರಿ, ಸಾಕು.”

“ಬರ್ಲಿ,” ಅಂದಳು ಪರ್ಲ.