ಹಳೆಯ ಗಂಟಿನಲ್ಲಿ ಉಳಿದ ಹೆಸರು

ಮರಾಠಿ ನಾಡಿನ ನಿಗಡಿಯ ಕನ್ನಡ ಬಳಗಕ್ಕೆ ವಧು-ವರರ ವೆಬ್ ಪುಟ ಮಾಡಿಕೊಟ್ಟವಳು ಶೈಲಾ. ರಸಾಯನಶಾಸ್ತ್ರ ಓದಿ ಹತ್ತು ವರ್ಷದಿಂದ ಔಷಧ ಕಂಪನಿಯೊಂದರ ಲ್ಯಾಬಿನಲ್ಲಿದ್ದವಳು. ಬಾಟಲಿಗೆ ಚೀಟಿ ಅಂಟಿಸದೆ ಕೈ ತೊಳೆಯುವವಳಲ್ಲ. ಮಂಗಳವಾರ ಸ್ನೇಹಲ್ ಬಂದು, "ಅಕ್ಕಾ, ಯಾದಿಯಿಂದ ನನ್ನ ಹೆಸರು ತಗೀರಿ. ಅಪ್ಪಾ ನನ್ನ ಕೇಳದ ಕೊಟ್ಟಾರ," ಎಂದಾಗ, ಅವಳೆದುರೇ ಆ ಸಾಲು ಅಳಿಸಿ, ಕಪ್ಪು ಪರದೆಯಲ್ಲಿ ಪಬ್ಲಿಶ್ ಕಮಾಂಡ್ ಕೊಟ್ಟು, 'ಯಶಸ್ವಿ' ಎಂಬ ಹಸಿರು ಅಕ್ಷರ ತೋರಿಸಿ ಕಳಿಸಿದ್ದಳು. ಸ್ನೇಹಲ್‌ಳ ಅಪ್ಪ ರಾಮಲಿಂಗಪ್ಪ ಬಟ್ಟೆ ವ್ಯಾಪಾರಿ, ಬಳಗದ ಅಧ್ಯಕ್ಷರು.

ಶುಕ್ರವಾರ ಮಧ್ಯಾಹ್ನ ಸ್ನೇಹಲ್‌ಳ ಫೋನು. ಪುಟ ನೋಡಿದ ಮಿರಜಿನ ಮನೆಯವರು ಭಾನುವಾರ ಅವಳನ್ನು ನೋಡಲು ಬರುವವರಿದ್ದರು. ಹೆಸರು ತೆಗೆಸಿದ್ದೇನೆ ಎಂದರೆ ಅಪ್ಪ ಮೊಬೈಲನ್ನೇ ಮುಖದೆದುರು ಹಿಡಿದು, ಇಲ್ಲೇ ಇದೆಯಲ್ಲ, ಶೈಲಾ ಕೂಡ ನಿನ್ನ ಮಾತು ಕೇಳಿಲ್ಲ ಎಂದರಂತೆ.

"ನೀವೂ ಅಪ್ಪನ ಕಡೆಯವ್ರ ಅಂತ ಅವತ್ತ ಹೇಳಬೇಕಿತ್ರಿ, ಅಕ್ಕಾ," ಎಂದು ಫೋನ್ ಇಟ್ಟುಬಿಟ್ಟಳು.

ಸಂಜೆ ಮನೆಗೆ ಬಂದ ಶೈಲಾ ಚಪ್ಪಲಿ ಬಿಟ್ಟವಳೇ ಲ್ಯಾಪ್‌ಟಾಪ್ ತೆಗೆದಳು. ಲ್ಯಾಪ್‌ಟಾಪಿನ ಯಾದಿಯಲ್ಲಿ ಹೆಸರಿಲ್ಲ, ವೆಬ್ ಪುಟದಲ್ಲಿದೆ. ಕೊಟ್ಟ ಕಮಾಂಡುಗಳನ್ನು ಹಿಂದಿನಿಂದ ಒಂದೊಂದಾಗಿ ಓದಿದಳು. ಮಂಗಳವಾರದ್ದು ಪಬ್ಲಿಶ್ ಎಂಬ ಒಂದೇ ಸಾಲು. ಅದಕ್ಕೆ ಮೊದಲು ಇರಬೇಕಾದ ಪ್ಯಾಕ್ ಇರಲೇ ಇಲ್ಲ. ಪ್ಯಾಕ್ ಎಂದರೆ ಯಾದಿ, ಫೋಟೊ, ಪುಟಗಳನ್ನೆಲ್ಲ ಸೇರಿಸಿ ಹೊಸ ಗಂಟು ಕಟ್ಟುವುದು. ಪಬ್ಲಿಶ್ ಎಂದರೆ ಇದ್ದ ಗಂಟನ್ನು ಒಯ್ದು ಸರ್ವರಿನಲ್ಲಿ ಇಳಿಸುವುದು. ಕಟ್ಟು ಎನ್ನದೆ ಒಯ್ಯು ಎಂದಿದ್ದಳು. ಅದು ಹಿಂದಿನ ತಿಂಗಳ ಗಂಟನ್ನೇ ಇನ್ನೊಮ್ಮೆ ಒಯ್ದು ಯಶಸ್ವಿ ಎಂದಿತ್ತು. ಸುಳ್ಳೇನೂ ಹೇಳಿರಲಿಲ್ಲ. ಪುಟ ತೆರೆದು ನೋಡದೆ ಹಸಿರು ಅಕ್ಷರ ನಂಬಿದವಳು ತಾನು. ಚಿಕ್ಕವಳೆದುರು ತನ್ನ ಚುರುಕು ತೋರಿಸುವ ಆತುರವೂ ಇತ್ತೇನೋ.

ಈಗ ಪ್ಯಾಕ್ ಕೊಟ್ಟಳು. ಹೊಸ ಗಂಟಿನೊಳಗೆ ಸ್ನೇಹಲ್ ಎಂದು ಹುಡುಕಿದಳು, ಸಿಗಲಿಲ್ಲ. ಪಬ್ಲಿಶ್ ಎಂದು ಟೈಪ್ ಮಾಡಿ ಎಂಟರ್ ಒತ್ತುವಷ್ಟರಲ್ಲಿ ರಾಮಲಿಂಗಪ್ಪನವರ ಫೋನು. ಹುಡುಗ ಖರಾಡಿಯಲ್ಲಿ ಎಂಜಿನಿಯರ್, ಮನೆತನ ಒಳ್ಳೆಯದು, ಭಾನುವಾರ ಶೈಲಾ ಊಟಕ್ಕೆ ಬರಲೇಬೇಕು ಎಂದರು.

"ನೀ ಶಾಣ್ಯಾಕಿ ನೋಡವಾ. ಹುಡುಗಿ ಮಾತು ಕೇಳಿ ತಗೀಲಿಲ್ಲ."

ಹೂಂ ಅಂದುಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಶೈಲಾ ಎಂಟರ್ ಒತ್ತಿದಳು.

"ಅದು ಶಾಣೇತನ ಅಲ್ರಿ, ಕಾಕಾ. ನನ್ನ ತಪ್ಪು. ಈಗ ತಗದೀನಿ. ಆಕಿನ ಬಂದು ಹಾಕ್ರಿ ಅಂದ್ರ ಹಾಕ್ತೀನಿ."

ಆ ಕಡೆ ಅಂಗಡಿಯಲ್ಲಿ ಯಾರೋ ಸೀರೆಗೆ ಮರಾಠಿಯಲ್ಲಿ ಚೌಕಾಸಿ ಮಾಡುತ್ತಿದ್ದರು.

"ಅಧ್ಯಕ್ಷ ನೀನೋ, ನಾನೋ?"

"ನೀವ ರೀ. ಬೇಕಂದ್ರ ಪುಟ ಬ್ಯಾರೇದವ್ರಿಗೆ ಕೊಡ್ರಿ. ಮೊದಲ ಪ್ಯಾಕ್, ಆಮ್ಯಾಲ ಪಬ್ಲಿಶ್ ಅಂತ ಚೀಟಿ ಬರದು ಕೊಡ್ತೀನಿ."

ಅವರು ಫೋನಿಟ್ಟರು. ಶೈಲಾ ಮೊಬೈಲಿನಲ್ಲಿ ಪುಟ ತೆರೆದು ನಲವತ್ತೊಂದು ಹೆಸರುಗಳನ್ನೂ ಮೇಲಿನಿಂದ ಕೆಳಗೆ ಓದಿದಳು. ತಪ್ಪಾದದ್ದನ್ನು ಎರಡು ಸಾಲಿನಲ್ಲಿ ಬರೆದು, ನೀನೇ ತೆರೆದು ನೋಡು ಎಂದು ಸ್ನೇಹಲ್‌ಗೆ ಕಳಿಸಿದಳು.

ಉತ್ತರಕ್ಕೆ ಅರ್ಧ ಗಂಟೆ ಹಿಡಿಯಿತು. "ನೋಡಿದೆ. ಭಾನುವಾರ ನಾ ನಿಮ್ಮನಿಗೆ ಊಟಕ್ಕ ಬರ್ತೀನ್ರಿ ಅಕ್ಕಾ."