ಆಡು ಹಾಜರಿ ಪುಸ್ತಕ ತಿಂದ ದಿನ

೧
ಇದನ್ನು ಎಲ್ಲಿಂದ ಶುರು ಮಾಡಲಿ? ನನ್ನ ಬಳಿ ಎರಡು ಆರಂಭಗಳಿದ್ದವು. ಮೊದಲನೆಯದರಲ್ಲಿ ರೋಗ ಬಂದು ಶಾಲೆಗೆ ಬೀಗ ಬೀಳುತ್ತದೆ. (ಆ ದಿನಗಳು ನಿಮಗೂ ಸಾಕಾಗಿವೆ, ನನಗೂ. ಹರಿದು ಹಾಕಿದೆ.) ಎರಡನೆಯದರಲ್ಲಿ ಟೀಚರ್ ಕೈಯಿಂದ ಹೊಸ ಫೋನ್ ಜಾರಿ ಬಿದ್ದು ಚೂರಾಗುತ್ತದೆ. ಅದನ್ನು ಟೀಚರಿಗೇ ಓದಲು ಕೊಟ್ಟೆ. ಕೆಂಪು ಪೆನ್ನು ತೆಗೆದರು.

"ನಾನ್ಯಾವಾಗ ಫೋನ್ ಬೀಳಿಸಿದೆನೋ?"

"ಕಥೆ ಅಲ್ವಾ ಟೀಚರ್, ಸ್ವಲ್ಪ ಉಪ್ಪು ಖಾರ..."

"ಉಪ್ಪು ಖಾರ ಆಮೇಲೆ. ಮೊದಲು 'ಚುರಾಗುತ್ತದೆ' ಅಂತ ಬರೆದಿದ್ದೀಯಲ್ಲ, ಆ 'ಚು'ಗೆ ದೀರ್ಘ ಹಾಕು."

ನನಗೆ ಒಂದನೇ ಕ್ಲಾಸಿನಲ್ಲಿ ಅಕ್ಷರ ತಿದ್ದಿಸಿದವರು ಇವರೇ. ಕಥೆಗಾರ ಎಂದು ಹೊರಗೆ ಎಷ್ಟೇ ಮೆರೆದರೂ ಇವರ ಮುಂದೆ ಬಾಲ ಬಿಚ್ಚುವಂತಿಲ್ಲ. ಆದ್ದರಿಂದ ಇನ್ನು ನಡೆದದ್ದನ್ನೇ ಹೇಳುತ್ತೇನೆ.

೨
ಶಾಲೆಗೆ ಬೀಗ ಬಿದ್ದ ಮೇಲೆ ಒಂದು ಶುಕ್ರವಾರ ಹೆಡ್ ಮಾಸ್ಟರ ಮೆಸೇಜು ಬಂತು: ಸೋಮವಾರದಿಂದ ಪಾಠವೆಲ್ಲ ಫೋನಿನಲ್ಲೇ. ಟೀಚರಿಗೆ ನಿವೃತ್ತಿಗೆ ಇನ್ನೆರಡು ವರ್ಷ. ಫೋನಿನಲ್ಲಿ ಅವರಿಗೆ ಗೊತ್ತಿದ್ದದ್ದು ಎರಡೇ, ಎತ್ತುವುದು ಮತ್ತು ಇಡುವುದು.

ಪಕ್ಕದ ಕೋಣೆಯಲ್ಲಿ ಸೊಸೆ ಇದ್ದಳು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಗ್ರಾಹಕರ ಬೈಗುಳಕ್ಕೆಲ್ಲ "ಕ್ಷಮಿಸಿ ಸರ್" ಎನ್ನುವುದು ಅವಳ ಕೆಲಸ. ಮದುವೆಯಾಗಿ ಮೂರು ವರ್ಷವಾದರೂ ಅತ್ತೆ ಸೊಸೆ ನಡುವೆ ಇದ್ದದ್ದು ಜಗಳವಲ್ಲ, ಬರೀ ಮರ್ಯಾದೆ. (ಜಗಳವಾದರೂ ಇದ್ದಿದ್ದರೆ ಮಾತಾಡಿಕೊಳ್ಳುತ್ತಿದ್ದರು.) ಶನಿವಾರ ಬೆಳಿಗ್ಗೆ ಟೀಚರ್ ನೋಟ್‌ಬುಕ್ಕು, ಪೆನ್ನು ಹಿಡಿದು ಅವಳ ಬಾಗಿಲಲ್ಲಿ ನಿಂತರು.

"ನನಗೆ ಇದು ಬರಲ್ಲಮ್ಮ. ಕಲಿಸ್ತೀಯಾ?"

ಸೊಸೆ ಕುರ್ಚಿ ಬಿಟ್ಟು ಎದ್ದಳು. "ಇಲ್ಲಿ ಕೂತ್ಕೊಳ್ಳಿ ಅತ್ತೆ. ಈ ಗುಂಡಿ ನೋಡಿ. ಅಯ್ಯೋ, ಅಷ್ಟು ಜೋರಾಗಿ ಒತ್ಬೇಡಿ, ಮುಟ್ಟಿದ್ರೆ ಸಾಕು."

ಮೂವತ್ತಾರು ವರ್ಷ ಸೀಮೆಸುಣ್ಣ ಒತ್ತಿದ ಬೆರಳು. ಮುಟ್ಟುವುದನ್ನು ಕಲಿಯಲು ಎರಡು ದಿನ ಹಿಡಿಯಿತು.

೩
ಸೋಮವಾರ ಪರದೆಯ ಮೇಲೆ ಇಪ್ಪತ್ತಾರು ಚೌಕಗಳು ಮೂಡಿದವು. ಒಂದರಲ್ಲಿ ಹಣೆ, ಒಂದರಲ್ಲಿ ಫ್ಯಾನು, ಒಂದರಲ್ಲಿ ಯಾರದೋ ಅಜ್ಜನ ಮೂಗು. ಗುರುವಾರದ ಹೊತ್ತಿಗೆ ಒಂದು ಚೌಕ ಕಾಣೆಯಾಗಿತ್ತು. ಅದು 'ಮುಂದಿನ ಬೆಂಚಿ'ನದು.

ಮುಂದಿನ ಬೆಂಚು ಎಂಬುದು ಒಬ್ಬ ಹುಡುಗಿಯ ಅಡ್ಡಹೆಸರು. ಆರು ವರ್ಷ. ಎರಡೂ ಕಿವಿ ಬಹಳ ಮಂದ. ಟೀಚರ ತುಟಿ ನೋಡಿಯೇ ಪಾಠ ತಿಳಿಯುವವಳು, ಅದಕ್ಕೇ ಆ ಜಾಗ ಬಿಟ್ಟು ಕದಲುತ್ತಿರಲಿಲ್ಲ. ಮಾತು ಸ್ಪಷ್ಟವಿಲ್ಲ. ಬಾಯಿ ತೆರೆದರೆ ಹಿಂದಿನವರು ಅಣಕಿಸುತ್ತಾರೆಂದು ತೆರೆಯುತ್ತಲೂ ಇರಲಿಲ್ಲ.

ಟೀಚರ್ ಅವಳ ಅಮ್ಮನಿಗೆ ಫೋನ್ ಮಾಡಿದರು. ಆಕೆ ಬಟ್ಟೆ ಹೊಲಿಯುವವಳು. ಮಿಷನ್ ಸದ್ದಿನ ನಡುವೆಯೇ ಹೇಳಿದಳು: "ಕೂರಿಸ್ತೀನಿ ಮೇಡಂ, ಎದ್ದು ಓಡ್ತಾಳೆ. ಇನ್ನು ಸ್ಕೂಲೇ ಬೇಡ ಅಂತಾಳೆ."

ಅಂದು ಮಧ್ಯಾಹ್ನ ಟೀಚರ್ ಊಟ ಬಿಟ್ಟರು. ಸೊಸೆಗೆ ಏನನ್ನಿಸಿತೋ, ಮರುದಿನ ತನ್ನ ಫೋನಿನಿಂದ ಕ್ಲಾಸಿನೊಳಗೆ ಇಣುಕಿದಳು. ಮುಗಿದ ಮೇಲೆ ಓಡಿ ಬಂದಳು.

"ಅತ್ತೆ, ನಿಮ್ಮ ಮುಖಾನೇ ಇಲ್ಲ! ಹಿಂದೆ ಕಿಟಕಿ ಬೆಳಕು, ಮುಂದೆ ನೀವು ಕಪ್ಪು ನೆರಳು. ಆ ಮಗು ಏನು ನೋಡಿ ತಿಳ್ಕೋಬೇಕು?"

ಇಬ್ಬರೂ ಸೇರಿ ಮೇಜು ತಿರುಗಿಸಿದರು. ಪಾತ್ರೆ ಬೋರಲು ಹಾಕಿ, ಅದರ ಮೇಲೆ ಎರಡು ನಿಘಂಟು ಇಟ್ಟು, ಫೋನನ್ನು ಮುಖದ ಎತ್ತರಕ್ಕೆ ತಂದರು. ಈಗ ಬೆಳಕು ನೇರ ಟೀಚರ ಬಾಯಿಯ ಮೇಲೆ ಬೀಳುತ್ತಿತ್ತು.

೪
(ಇನ್ನು ಬರುವುದನ್ನು ಬರೆಯಬೇಡ ಎಂದು ಟೀಚರ್ ಎರಡು ಸಲ ಹೇಳಿದ್ದಾರೆ. "ನಗ್ತಾರೆ ಕಣೋ." ನಾನೂ ವಾದಿಸಿದೆ. ಇದಿಲ್ಲದಿದ್ದರೆ ಕಥೆಯೇ ಇಲ್ಲ.)

ಸೋಮವಾರ ಹುಡುಗಿ ಮತ್ತೆ ಬಂದಳು. ಆ ಖುಷಿಯಲ್ಲಿ ಟೀಚರ್ ಪಾಠ ಬದಿಗಿಟ್ಟು ಕಥೆ ಹೇಳಿದರು. ಶಾಲೆಗೆ ನುಗ್ಗಿದ ಆಡೊಂದು ಹಾಜರಿ ಪುಸ್ತಕವನ್ನು ತಿಂದುಬಿಡುತ್ತದೆ. ಆಮೇಲೆ ಅದು ಬಾಯಿ ತೆರೆದಾಗಲೆಲ್ಲ ಮಕ್ಕಳ ಹೆಸರೇ ಬರುತ್ತದೆ. ಟೀಚರ್ ಆಡಾದರು, ಹೆಡ್ ಮಾಸ್ಟರಾದರು, ಮುರಿದ ಗೇಟೂ ಆದರು. ಮಕ್ಕಳು ಕೈ ಬೀಸಿದರು, ಇವರೂ ಬೀಸಿದರು. ನಲವತ್ತು ನಿಮಿಷ!

ಮುಗಿದ ಕೂಡಲೇ ಯಾರದೋ ಅಜ್ಜನ ಫೋನು ಬಂತು. "ಮೇಡಂ, ಶುರುವಿಂದ ನಿಮ್ಮ ದನೀನೇ ಬಂದಿಲ್ಲ. ಮಕ್ಕಳು ಕೈ ಬೀಸಿ ಬೀಸಿ ಸಾಕಾದ್ರು."

ಗಲಾಟೆ ನಿಲ್ಲಿಸಲೆಂದು ಎಲ್ಲರ ಮೈಕು ಬಂದ್ ಮಾಡುವಾಗ ಟೀಚರ್ ತಮ್ಮದನ್ನೂ ಬಂದ್ ಮಾಡಿಕೊಂಡಿದ್ದರು.

ಅವರು ಫೋನನ್ನು ನಿಧಾನವಾಗಿ ಮಗುಚಿಟ್ಟರು. "ನನ್ನ ಕಾಲ ಮುಗೀತಮ್ಮ. ನಾಳೆ ರಾಜೀನಾಮೆ ಬರೆದುಕೊಡ್ತೀನಿ."

ಸೊಸೆ ಗ್ರಾಹಕರಿಗೆ ದಿನಕ್ಕೆ ನೂರು ಸಲ ಸಮಾಧಾನ ಹೇಳುವವಳು. ಆಗ ಮಾತ್ರ ಹೆಡ್‌ಫೋನ್ ತೆಗೆದಿಟ್ಟು, ಅತ್ತೆಯ ಕೈ ಹಿಡಿದು ಪಕ್ಕದಲ್ಲಿ ಕೂತಳು.

ಫೋನು ಮತ್ತೆ ಬಡಿದುಕೊಂಡಿತು. ಎತ್ತಿದರೆ ವಿಡಿಯೋದಲ್ಲಿ ಹೊಲಿಗೆಯ ಅಮ್ಮ. "ಮೇಡಂ, ಇವತ್ತೇನು ಮಾಡಿದ್ರಿ ನೀವು? ಅಕ್ಕಪಕ್ಕದ ಮನೆಯ ಇವಳ ಕ್ಲಾಸಿನ ಮಕ್ಕಳೆಲ್ಲ ನಮ್ಮ ಮೆಟ್ಟಿಲ ಮೇಲೆ ಕೂತಿದ್ದಾರೆ. ಯಾರಿಗೂ ಏನೂ ಕೇಳಿಸಿಲ್ವಂತೆ. ಇವಳೊಬ್ಬಳಿಗೇ ಪೂರ್ತಿ ಗೊತ್ತು, ಕುಣಿದು ಕುಣಿದು ಹೇಳ್ತಿದ್ದಾಳೆ!"

ಹುಡುಗಿ ಪರದೆಗೆ ಮುಖವಿಟ್ಟಳು. ತೊದಲುತ್ತಾ ಕೇಳಿದಳು: "ತೀಚರ್, ಆಡು ನನ್ನ ಹೆಸರೂ ತಿಂತಾ?"

"ನಿನ್ನದನ್ನೇ ಮೊದಲು ತಿಂತು ಪುಟ್ಟಿ," ಎಂದರು ಟೀಚರ್. ಪ್ರತಿ ಅಕ್ಷರಕ್ಕೂ ತುಟಿ ಪೂರ್ತಿ ತೆರೆದು, ಅಳುತ್ತಾ.

ಮರುದಿನ ಟೀಚರ್ ಒಂದೇ ಒಂದು ಮೈಕು ತೆರೆದರು. ಆಡಿನ ಕಥೆಯನ್ನು ತರಗತಿಗೆ ಅವಳೇ ಹೇಳಿದಳು. ಇಪ್ಪತ್ತೈದು ಚೌಕಗಳೂ ಪರದೆಗೆ ಹತ್ತಿರ ಸರಿದವು. ಯಾರೂ ಅಣಕಿಸಲಿಲ್ಲ. ಆಡಿನ ಗತಿ ಏನಾಯಿತು ಎಂದು ತಿಳಿಯುವ ಆತುರದಲ್ಲಿ ಅಣಕಿಸುವುದು ಮರೆತೇಹೋಗಿತ್ತು.

೫
ಈಗ ಮುಗಿಸುವ ಕಷ್ಟ.

ಕೊನೆ ಒಂದು: ಟೀಚರಿಗೆ ಪ್ರಶಸ್ತಿ ಬರುತ್ತದೆ. ("ಯಾರಪ್ಪಾ ಕೊಟ್ಟಿದ್ದು? ನನಗಿನ್ನೂ ತಲುಪಿಲ್ಲ.")

ಕೊನೆ ಎರಡು: ಶಾಲೆ ತೆರೆಯುತ್ತದೆ, ಹುಡುಗಿ ಓಡಿ ಬಂದು ಟೀಚರನ್ನು ತಬ್ಬಿಕೊಳ್ಳುತ್ತಾಳೆ.

ಇದನ್ನು ಓದಿ ಟೀಚರ್ ಪೆನ್ನು ಕೆಳಗಿಟ್ಟರು. "ಶಾಲೆ ತೆರೆದಾಗ ಎಲ್ಲರ ಬಾಯಿ ಮೇಲೂ ಮಾಸ್ಕು. ಅವಳು ಬಾಗಿಲಲ್ಲೇ ನಿಂತು ಅತ್ತಳು ಕಣೋ."

ಇದು ನನಗೆ ಗೊತ್ತಿರಲಿಲ್ಲ. "ಆಮೇಲೆ?"

"ಅಂಗಳದ ಆ ತುದೀಲಿ ನಿಂತು, ಮಾಸ್ಕ್ ಇಳಿಸಿ ಪಾಠ ಮಾಡಿದೆ. ಹೆಡ್ ಮಾಸ್ಟರು ಬೈದ್ರು. ಮರುದಿನಾನೂ ಹಾಗೇ ಮಾಡಿದೆ."

ಮನೆಗೆ ಹೋಗಿ ಗಂಭೀರವಾದ ಮೂರನೆಯ ಕೊನೆ ಬರೆದೆ. ಕಣ್ಣೀರು, ಕೃತಜ್ಞತೆ, ಎಲ್ಲ ಹದವಾಗಿ ಬಂದಿತ್ತು. ಭಾನುವಾರ ಅದನ್ನು ಓದಿ ಹೇಳಲು ಟೀಚರ ಮನೆಗೆ ಹೋದೆ. ಸೊಸೆ ಟೀ ಹಿಡಿದು ಅತ್ತೆಯ ಪಕ್ಕದಲ್ಲೇ ಕೂತಳು. ಎದುರಿಗೆ ಅದೇ 'ಮುಂದಿನ ಬೆಂಚು', ಈಗ ಎರಡು ಜಡೆ, ಆರನೇ ಕ್ಲಾಸು. ನಾನು ಗಂಟಲು ಸರಿಮಾಡಿಕೊಂಡು, ಕಾಗದ ಎತ್ತಿ ಹಿಡಿದು ಓದತೊಡಗಿದೆ. ಎರಡು ವಾಕ್ಯ ಮುಗಿದಿರಲಿಲ್ಲ, ಅವಳು ಎದ್ದು ಬಂದು ಕಾಗದದ ಅಂಚನ್ನು ಎರಡು ಬೆರಳಿಂದ ಕೆಳಗೆಳೆದಳು.

"ಅಂಕಲ್, ಕಾಗದ ಇಳ್ಸಿ. ಬಾಯಿ ಕಾಣ್ತಿಲ್ಲ."

ಇಳಿಸಿದೆ. ಬರೆದದ್ದರಲ್ಲಿ ಒಂದು ಸಾಲೂ ನನಗೆ ಬಾಯಿಪಾಠವಿರಲಿಲ್ಲ. ಅವಳು ಹತ್ತಿರದಲ್ಲೇ ಕೂತು ನನ್ನ ತುಟಿಗಳನ್ನು ನೋಡುತ್ತಿದ್ದಳು.

"ಹ್ಞೂಂ," ಎಂದಳು, "ಹೇಳಿ."