ಹಿಂದಕ್ಕೆ ಬಂದ ಎರಡನೇ ಲಾರಿ

ಟೀವಿ ವಾಹಿನಿಯ ಕಚೇರಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಕಾಗದದಕ್ಕ ಎಂದು. ವೀಕ್ಷಕರ ಪ್ರತಿಕ್ರಿಯೆ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಕಳೆದಿದ್ದಳು. ಒಂದು ಕಾಲಕ್ಕೆ ನಾಲ್ಕು ಜನರಿದ್ದ ವಿಭಾಗ; ಈಗ ಉಳಿದದ್ದು ಒಂದು ಮೇಜು, ಒಂದು ಕಂಪ್ಯೂಟರ್, ಒಂದು ಫೋನು, ಅವಳು. ಜನ ಬರೆದದ್ದನ್ನು ಓದಿ, ಫೋನಿನಲ್ಲಿ ಹೇಳಿದ್ದನ್ನು ಕೇಳಿಸಿಕೊಂಡು, ಶುಕ್ರವಾರ ಮಧ್ಯಾಹ್ನದೊಳಗೆ ಎರಡು ಪುಟದ ವರದಿ ಒಪ್ಪಿಸಬೇಕು. ಅದನ್ನು ಯಾರಾದರೂ ಓದುತ್ತಾರೆಯೇ ಎಂದು ಕೇಳುವುದನ್ನು ಬಿಟ್ಟು ಬಹಳ ಕಾಲವಾಗಿತ್ತು.

ಆ ಭಾನುವಾರ ಪ್ರಸಾರವಾದದ್ದು ಒಂದು ಸಾಕ್ಷ್ಯಚಿತ್ರ. ಅರವತ್ತು ವರ್ಷಗಳ ಹಿಂದೆ ಏಳು ಜನ ಗಂಡಸರು ಎರಡು ಲಾರಿಗಳಲ್ಲಿ ಮರಳುಗಾಡು ದಾಟಿ, ಬೆಟ್ಟಸಾಲು ಹತ್ತಿಳಿದು, ಒಂದು ಸಮುದ್ರದಿಂದ ಇನ್ನೊಂದು ಸಮುದ್ರಕ್ಕೆ ನೆಲದ ಮೇಲೆಯೇ ಹೋಗಿದ್ದರು. ತಂಡದ ನಾಯಕನ ದಿನಚರಿಯನ್ನೂ ಹಳೆಯ ಫೋಟೋಗಳನ್ನೂ ಸೇರಿಸಿ ನಿರ್ದೇಶಕ ಒಂದು ಗಂಟೆಯ ಚಿತ್ರ ಮಾಡಿದ್ದ. ನಲವತ್ತೊಂದನೆಯ ದಿನ ಎರಡನೇ ಲಾರಿಯ ಗೇರುಪೆಟ್ಟಿಗೆ ಒಡೆದು, ಅದನ್ನು ಒಂದು ಬಾವಿಯ ಬಳಿ ಬಿಟ್ಟರು. ಅಲ್ಲಿಯೇ ಅನಾರೋಗ್ಯದಿಂದ ಒಬ್ಬ ಸದಸ್ಯ ಹಿಂದುಳಿದ. ಉಳಿದ ಆರು ಜನ ಗುರಿ ಮುಟ್ಟಿದರು. ಚಿತ್ರದಲ್ಲಿ ಹಾಗೆಂದು ಹೇಳಲಾಗಿತ್ತು.

ಕಾಗದದಕ್ಕನಿಗೆ ಮೊದಲ ಪ್ರತಿಕ್ರಿಯೆ ಸಿಕ್ಕಿದ್ದು ಮನೆಯಲ್ಲೇ. ಅವಳ ಅತ್ತೆ ಟೀವಿಗೆ ಮೂಗು ತಾಗುವಷ್ಟು ಹತ್ತಿರ ಕುಳಿತು ನೋಡಿ, "ಎಲ್ಲರೂ ನುಣ್ಣಗೆ ಗಡ್ಡ ಬೋಳಿಸ್ಕೊಂಡಿದಾರಲ್ಲೇ, ಕುಡಿಯೋಕೇ ನೀರಿಲ್ಲ ಅಂತಾರೆ" ಎಂದರು. ಬಸ್ ಕಂಡಕ್ಟರನಾಗಿದ್ದ ಗಂಡ ಹತ್ತನೇ ನಿಮಿಷಕ್ಕೆ ಕುರ್ಚಿಯಲ್ಲೇ ನಿದ್ದೆ ಹೋಗಿದ್ದ. ಕೊನೆಗೆ ಎದ್ದು, "ಚೆನ್ನಾಗಿತ್ತು" ಎಂದ.

ಸೋಮವಾರ ನೂರಾ ನಲವತ್ತು ಪ್ರತಿಕ್ರಿಯೆಗಳು ಕಾದಿದ್ದವು. ಸಂಗೀತ ಜೋರಾಯಿತು. ಹೆಂಗಸರೇ ಇಲ್ಲ. ಹಿಂದಿನವರ ಗುಂಡಿಗೆಯೇ ಗುಂಡಿಗೆ, ಈಗಿನವರಿಗೆ ಮಹಡಿ ಹತ್ತಲೂ ಲಿಫ್ಟು ಬೇಕು. ಇಂಥದ್ದಕ್ಕೆ ಧಾರಾವಾಹಿ ಯಾಕೆ ನಿಲ್ಲಿಸಿದಿರಿ. ಅವಳು ಒಂದೊಂದನ್ನೂ ಓದಿ, ಹೊಗಳಿಕೆ, ದೂರು, ಇತರೆ ಎಂದು ಮೂರು ಭಾಗ ಮಾಡುತ್ತ ಹೋದಳು. ಮಧ್ಯಾಹ್ನದ ಹೊತ್ತಿಗೆ ಕಣ್ಣು ಉರಿಯುತ್ತಿತ್ತು.

'ಇತರೆ'ಗೆ ಹಾಕಿದ್ದರಲ್ಲಿ ಒಬ್ಬ ಗ್ಯಾರೇಜಿನವನು ಬೆಳಗಿನ ಬಸ್ಸಿನಲ್ಲಿ ಕೊಟ್ಟು ಕಳಿಸಿದ ಕಾಗದವಿತ್ತು. ಅಕ್ಷರಕ್ಕೆಲ್ಲ ಗ್ರೀಸು ಮೆತ್ತಿತ್ತು. "ಎರಡನೇ ಲಾರಿಯನ್ನು ಮರಳಲ್ಲಿ ಬಿಟ್ಟು ಹೋದರು ಅಂತೀರಿ. ಕೊನೆಯಲ್ಲಿ, ಮರುವರ್ಷ ತೆಗೆದದ್ದು ಅಂತ ನಮ್ಮ ಊರಿನ ಹಳೆ ಗ್ಯಾರೇಜಿನ ಫೋಟೋ ತೋರಿಸಿದಿರಿ. ಅದರಲ್ಲಿ ನಿಂತಿರುವುದು ಅದೇ ಲಾರಿ, ಅದೇ ನಂಬರು. ಬಿಟ್ಟು ಬಂದ ಲಾರಿ ತಾನೇ ನಡೆದುಕೊಂಡು ಮನೆಗೆ ಬಂತಾ?"

ಅವಳಿಗೆ ಬಹಳ ದಿನಗಳ ಮೇಲೆ ನಗು ಬಂತು. ನಗುತ್ತಿರುವಾಗಲೇ ಫೋನು ಬಡಿದುಕೊಂಡಿತು. ವಯಸ್ಸಾದ ಹೆಂಗಸಿನ ದನಿ.

"ಹುಷಾರಿಲ್ಲದೆ ಹಿಂದುಳಿದ ಅಂದ್ರಲ್ಲ, ಅವನು ನಮ್ಮಣ್ಣ. ಆ ತಂಡದ ಮೆಕ್ಯಾನಿಕ್ಕು. ಅವನಿಗೆ ಒಂದು ನೆಗಡಿಯೂ ಆಗಿರಲಿಲ್ಲ. ಬಾವಿ ಹತ್ರ ಅವನನ್ನ ಬಿಟ್ಟು ಹೋದ್ರು. ಹತ್ತೊಂಬತ್ತು ದಿನ ಕಾದಿದಾನೆ, ಒಬ್ಬರೂ ತಿರುಗಿ ಬರಲಿಲ್ಲ. ಕೊನೆಗೆ ಒಬ್ಬನೇ ಲಾರಿ ಸರಿ ಮಾಡ್ಕೊಂಡು ವಾಪಸ್ ಬಂದ. ಊರಿನವರು ಅವನಿಗೆ ಇಟ್ಟ ಹೆಸರೇನು ಗೊತ್ತಾ? ಅರ್ಧದಾರಿ. ಇವತ್ತಿಗೂ ಅದೇ ಹೆಸರು."

"ಅವರು ಈಗ..."

"ಇದಾನೆ. ಎಂಬತ್ತಾರು. ನಿಮ್ಮ ಚಿತ್ರ ನೋಡಿ, ತನ್ನ ಪಾಡಿಗೆ ಊಟ ಮಾಡಿ ಮಲಗಿದ. ನನಗೆ ತಡೆಯೋಕಾಗಲಿಲ್ಲ."

ಇಂಥ ಕರೆಗಳಿಗೆ ಹೇಳಬೇಕಾದ ಮಾತು ಅವಳಿಗೆ ಬಾಯಿಪಾಠವಾಗಿತ್ತು: ನಿಮ್ಮ ಅಭಿಪ್ರಾಯವನ್ನು ಸಂಬಂಧಪಟ್ಟವರಿಗೆ ತಲುಪಿಸುತ್ತೇವೆ. ಅದನ್ನು ಹೇಳಿದಳು ಕೂಡ. ಆದರೆ ಫೋನಿಟ್ಟ ಮೇಲೆ ಗ್ರೀಸಿನ ಕಾಗದ ಎದುರಿಗೇ ಇತ್ತು. ಅದನ್ನು ತೆಗೆದುಕೊಂಡು ಎರಡು ಮಹಡಿ ಹತ್ತಿ ನಿರ್ದೇಶಕನ ಕೋಣೆಗೆ ಹೋದಳು. ಲಿಫ್ಟು ಕೆಟ್ಟಿತ್ತು.

ನಿರ್ದೇಶಕ ಕಾಗದ ಓದಿ, ಫೋಟೋ ದೊಡ್ಡದು ಮಾಡಿ ನೋಡಿ, ಹಣೆ ಒತ್ತಿಕೊಂಡ. ಎರಡು ವರ್ಷ ಆ ಚಿತ್ರದ ಹಿಂದೆ ಬಿದ್ದು ಅವನೂ ಸೋತಿದ್ದ.

"ದಿನಚರಿಯಲ್ಲಿ ಅನಾರೋಗ್ಯ ಅಂತಲೇ ಇದೆ ಮೇಡಂ. ಆದ್ರೆ ಲಾರಿ ವಿಷಯ ನಮ್ಮ ಕಣ್ಣು ತಪ್ಪಿದೆ. ಭಾನುವಾರ ಮರುಪ್ರಸಾರ ಇದೆ, ಒಂದು ಸಾಲು ಸೇರಿಸ್ತೀನಿ. ತಂಗಿ ಹೇಳಿದ್ದು ಸಾಲದು. ಅವರ ಬಾಯಿಂದಲೇ ಕೇಳ್ಕೊಂಡು ಬನ್ನಿ."

ಬುಧವಾರ ಬೆಳಿಗ್ಗೆ ಎರಡು ಬಸ್ಸು ಬದಲಾಯಿಸಿ ಅವಳು ಹೋದಳು. ಒಂದು ಕೋಣೆ, ಒಂದು ಅಡುಗೆಮನೆ. ಕಿಟಕಿಯ ಪಕ್ಕ ಮಡಿಸುವ ಕುರ್ಚಿಯಲ್ಲಿ ಮೆಕ್ಯಾನಿಕ್ಕರು ಕೂತಿದ್ದರು. ದೊಡ್ಡ ಕೈಗಳು, ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ತಂಗಿ ಅವಳನ್ನು ಕೂರಿಸಿ, ಅಣ್ಣನ ಪರವಾಗಿ ತಾವೇ ಎಲ್ಲವನ್ನೂ ಮತ್ತೊಮ್ಮೆ ಹೇಳಿದರು. ನಾಯಕ ತೀರಿಕೊಂಡು ವರ್ಷಗಳಾದವು. ಅವರ ಹೆಂಡತಿ ಮೂರು ಬೀದಿ ಆಚೆಗೇ ಇದ್ದರೂ ನಲವತ್ತು ವರ್ಷದಿಂದ ಈಕೆ ಅವರೊಂದಿಗೆ ಮಾತು ಬಿಟ್ಟಿದ್ದರು.

"ಬಿಟ್ಟು ಹೋದರು ಅನ್ನೋ ಮಾತು ಚಿತ್ರದಲ್ಲಿ ಬರಬೇಕು" ಎಂದರು.

ಕಾಗದದಕ್ಕ ಮುದುಕರ ಕಡೆ ತಿರುಗಿ, "ಹಾಗೇ ಬರೆಸ್ಲಾ?" ಎಂದು ಕೇಳಿದಳು.

ಅವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು.

"ಬೇಡಮ್ಮ. ಅವರು ನನ್ನ ಬಿಟ್ಟು ಹೋಗಲಿಲ್ಲ. ಗೇರುಪೆಟ್ಟಿಗೆಗೆ ಏನೂ ಆಗಿರಲಿಲ್ಲ. ಕ್ಲಚ್ಚಿನ ಒಂದು ಪಿನ್ನು ಮುರಿದಿತ್ತು, ಅಷ್ಟೆ. ಒಂದು ಬೆಳಗಿನ ಕೆಲಸ. ಗೇರುಪೆಟ್ಟಿಗೆ ಹೋಯ್ತು, ಇನ್ನು ಏಳಲ್ಲ ಅಂತ ನಾನೇ ಸುಳ್ಳು ಹೇಳಿದೆ. ಲಾರಿ ಕಾಯ್ತೀನಿ, ನೀವು ಹೋಗಿ ಅಂದೆ."

ಅಡುಗೆಮನೆಗೆ ಹೊರಟಿದ್ದ ತಂಗಿ ಬಾಗಿಲಲ್ಲೇ ನಿಂತುಬಿಟ್ಟರು. "ಯಾಕೆ?" ಎಂದರು.

"ಸಾಕಾಗಿತ್ತು. ನಲವತ್ತು ದಿನ. ಬೆಳಗಾದ್ರೆ ನೀರಿನ ಜಗಳ, ಸಂಜೆ ನಾಯಕರ ಭಾಷಣ. ಚರಿತ್ರೆ, ಚರಿತ್ರೆ ಅನ್ನೋರು. ನಾನು ಲಾರಿ ಕೆಳಗೆ ಮಲಗಿ ನಟ್ಟು ಬಿಗೀತಿದ್ದೆ. ಅವತ್ತು ಬೆಳಿಗ್ಗೆ ಕೆಳಗಿಂದ ಎದ್ದು ಬರೋಕೇ ಮನಸ್ಸಾಗಲಿಲ್ಲ. ಮನೆಗೆ ಹೋಗ್ಬೇಕು ಅನ್ನಿಸ್ತು, ಬೇರೇನೂ ಇಲ್ಲ."

"ಮತ್ತೆ ಹತ್ತೊಂಬತ್ತು ದಿನ ಕಾದಿದ್ದು?" ಎಂದು ತಂಗಿಯೇ ಕೇಳಿದರು.

"ಅವರು ಹೋದ ಮಾರನೇ ದಿನವೇ ಲಾರಿ ಸರಿಯಾಯ್ತು. ಕೀಲಿ ತಿರುಗಿಸಿದೆ, ಎಂಜಿನ್ ಎದ್ದಿತು. ಆಗ ಭಯ ಹಿಡೀತು. ಅವರಲ್ಲಿ ಲಾರಿ ಓಡಿಸೋರು ಇದ್ರು, ರಿಪೇರಿ ಬರೋನು ಒಬ್ಬನೂ ಇರಲಿಲ್ಲ. ಮುಂದೆ ಅವರ ಲಾರಿಯೂ ಕೆಟ್ರೆ? ಯಾರಾದ್ರೂ ನಡ್ಕೊಂಡು ವಾಪಸ್ ಬಂದ್ರೆ ನಾನು ಅಲ್ಲಿರ್ಬೇಕಲ್ಲ. ಅದಕ್ಕೇ ಬಾವಿ ಹತ್ರ ಕೂತೆ. ಹತ್ತೊಂಬತ್ತನೇ ದಿನ ಆ ಕಡೆಯಿಂದ ಬಂದ ಗಸ್ತು ಜೀಪಿನವರು, ಒಂದು ಲಾರಿ ಬೆಟ್ಟ ದಾಟಿ ಇಳೀತು, ಆರು ಜನಾನೂ ಚೆನ್ನಾಗಿದಾರೆ ಅಂದ್ರು. ಆಮೇಲೆ ಹೊರಟೆ."

"ನಾಯಕರಿಗೆ ಗೊತ್ತಾಗಲಿಲ್ವಾ?" ಎಂದಳು ಕಾಗದದಕ್ಕ.

"ಮರುವರ್ಷ ಗ್ಯಾರೇಜಿಗೆ ಬಂದಿದ್ರು. ಆ ಲಾರಿ ಸ್ಟಾರ್ಟ್ ಮಾಡಿಸಿ, ಬಾನೆಟ್ ಮೇಲೆ ಕೈಯಿಟ್ಟು ನಿಂತ್ರು. ಗೇರುಪೆಟ್ಟಿಗೆ ಚೆನ್ನಾಗೇ ಇದೆಯಲ್ಲಪ್ಪಾ ಅಂದ್ರು. ನಾನು ತಲೆ ತಗ್ಗಿಸಿದೆ. ಅವರೇ ನನ್ನ ಬೆನ್ನು ತಟ್ಟಿ ಹೋದ್ರು. ದಿನಚರಿಯಲ್ಲಿ ಹುಷಾರಿಲ್ಲ ಅಂತ ಬರೆದು ನನ್ನ ಮಾನ ಉಳಿಸಿದಾರೆ ಅನ್ನೋದು ನನಗೆ ಭಾನುವಾರವೇ ಗೊತ್ತಾಗಿದ್ದು."

ತಂಗಿ ಬಂದು ಮಂಚದ ಅಂಚಿನಲ್ಲಿ ಕೂತರು. ಮುಖಕ್ಕೆ ಒಮ್ಮೆಲೇ ಹತ್ತು ವರ್ಷ ವಯಸ್ಸಾದಂತಿತ್ತು. "ಒಂದು ಮಾತು ನನಗೆ ಹೇಳ್ಬಾರದಿತ್ತಾ ಅಣ್ಣ? ಊರೆಲ್ಲ ಜಗಳ ಆಡ್ಕೊಂಡು ಬಂದೆನಲ್ಲ."

"ನನ್ನ ಪರವಾಗಿ ಜಗಳ ಆಡೋಳು ನೀನೊಬ್ಬಳೇ ಇದ್ದೆ. ಬೇಡ ಅನ್ನೋಕೆ ಬಾಯಿ ಬರಲಿಲ್ಲ."

ಕಾಗದದಕ್ಕ ಏನು ಬರೆಸಲಿ ಎಂದು ಮೆಲ್ಲಗೆ ಕೇಳಿದಳು.

"ಲಾರಿ ಸರಿ ಮಾಡಿ ಒಬ್ಬನೇ ವಾಪಸ್ ತಂದ ಅಂತ ಹಾಕಿ. ಅದು ಸುಳ್ಳಲ್ಲ. ಮಿಕ್ಕಿದ್ದು ಅವರು ಬರೆದ ಹಾಗೇ ಇರ್ಲಿ."

ವಾಪಸಾಗುವಾಗ ಬಸ್ಸಿನ ಕಿಟಕಿಗೆ ತಲೆ ಒರಗಿಸಿಕೊಂಡು ಅವಳು ಅದನ್ನೇ ಯೋಚಿಸಿದಳು. ತನಗೂ ಎಷ್ಟೋ ಬೆಳಿಗ್ಗೆ ಎದ್ದು ಬರುವ ಮನಸ್ಸಿರುವುದಿಲ್ಲ. ಅದನ್ನು ತಾನು ಯಾರಿಗೂ ಹೇಳಿದ್ದಿಲ್ಲ. ನಿರ್ದೇಶಕನಿಗೆ ಮುದುಕರು ಕೊಟ್ಟ ಒಂದೇ ಸಾಲು ತಲುಪಿಸಿದಳು. ಶುಕ್ರವಾರದ ವರದಿಯಲ್ಲಿಯೂ ಅಷ್ಟನ್ನೇ ಬರೆದಳು. ಗೊತ್ತಿದ್ದೂ ಒಂದು ವಿಷಯವನ್ನು ವರದಿಯಿಂದ ಬಿಟ್ಟದ್ದು ಅದೇ ಮೊದಲು. ಗ್ಯಾರೇಜಿನವನಿಗೆ, ಲಾರಿ ನಡೆದು ಬರಲಿಲ್ಲ, ನಿಮ್ಮ ಊರಿನ ಮೆಕ್ಯಾನಿಕ್ಕರೇ ಓಡಿಸಿಕೊಂಡು ಬಂದರು ಎಂದು ಕೈಯಾರೆ ಉತ್ತರ ಬರೆದಳು.

ಭಾನುವಾರ ಹೊಸ ಸಾಲಿನೊಂದಿಗೆ ಚಿತ್ರ ಮತ್ತೆ ಬಂತು. ಸೋಮವಾರ ಹನ್ನೊಂದು ಪ್ರತಿಕ್ರಿಯೆಗಳಿದ್ದವು, ಎಂಟು ಸಂಗೀತದ ಬಗ್ಗೆ. ಮಧ್ಯಾಹ್ನ ತಂಗಿಯ ಫೋನು ಬಂತು.

"ನಿನ್ನೆ ನಾಯಕರ ಮನೆಗೆ ಹೋಗಿದ್ದೆ ಕಣಮ್ಮ. ಏನು ಹೇಳೋದು ಅಂತ ದಾರಿಯುದ್ದಕ್ಕೂ ಕೂಡಿಸಿ ಕಳೆದು ಹೋದೆ. ಅವರ ಹೆಂಡತಿಗೆ ನನ್ನ ಗುರುತೇ ಸಿಗಲಿಲ್ಲ. ಯಾರಾದ್ರೇನು, ಬಂದು ಕೂತ್ಕೊಳ್ಳಿ ಅಂದ್ರು. ಎರಡು ಗಂಟೆ ಇಬ್ಬರ ಮಂಡಿನೋವಿನ ಮಾತೇ ಆಯ್ತು. ಗುರುವಾರ ಮತ್ತೆ ಬನ್ನಿ ಅಂದಿದಾರೆ."

"ಹೋಗ್ತೀರಾ?"

"ಹೋಗ್ತೀನಿ. ಕಾಲು ಎಳ್ಕೊಂಡಾದ್ರೂ ಹೋಗ್ತೀನಿ" ಎಂದು ಅವರು ಫೋನಿಟ್ಟರು.